ಇನ್ಸುಲಿನ್ ಬಂದ ಮೇಲೂ ಉಳಿದ ಕೆಲಸ: ಆಸ್ಪತ್ರೆಯ ವಾರ್ಡಿನಲ್ಲಿ ಮಧುಮೇಹದ ಕಥೆ



ನಮ್ಮ ಅಣ್ಣನಿಗೆ ಕೆಲವು ವರ್ಷಗಳ ಹಿಂದೆ ಹರ್ನಿಯಾ ಶಸ್ತ್ರಚಿಕಿತ್ಸೆಯಾದ ಸಂಗತಿ ನಿಮ್ಮಲ್ಲಿ ಹಲವರಿಗೆ ತಿಳಿದಿದೆ. ಆ ದಿನ ಬೆಳಿಗ್ಗೆ ನಡೆದುದು ಮಾತ್ರ ಮನೆಯವರ ಹೊರತು ಇತರರಿಗೆ ತಿಳಿಯದು. ಅಣ್ಣ ಬಹುಕಾಲದಿಂದ ಇನ್ಸುಲಿನ್ ತೆಗೆದುಕೊಳ್ಳುವವನು. ಹಿಂದಿನ ರಾತ್ರಿಯಿಂದಲೇ ಉಪವಾಸ. ಬೆಳಿಗ್ಗೆ ಏಳಕ್ಕೆ ದಾದಿಯೊಬ್ಬರು ಬಂದು, ಕೇಸ್ ಶೀಟಿನಲ್ಲಿ ಬರೆದಿದ್ದಂತೆ ದಿನನಿತ್ಯದ ಇನ್ಸುಲಿನ್ ಕೊಟ್ಟು ಹೋದರು. ಎಂಟಕ್ಕೆ ಆಗಬೇಕಿದ್ದ ಶಸ್ತ್ರಚಿಕಿತ್ಸೆ, ಬೇರೊಂದು ತುರ್ತು ರೋಗಿ ಬಂದ ಕಾರಣ ಹನ್ನೆರಡಕ್ಕೆ ಮುಂದೂಡಲ್ಪಟ್ಟಿತು. ಹತ್ತೂವರೆಯ ಹೊತ್ತಿಗೆ ಅಣ್ಣನ ಅಂಗಿ ಬೆವರಿನಿಂದ ತೊಯ್ದಿತ್ತು. ಅತ್ತಿಗೆಯನ್ನು ನಮ್ಮ ತಾಯಿಯ ಹೆಸರಿನಿಂದ ಕರೆಯತೊಡಗಿದ. ಅತ್ತಿಗೆ ತಮ್ಮ ಚೀಲದಲ್ಲಿದ್ದ ಸಕ್ಕರೆಯನ್ನು ಬಾಯಿಗೆ ಹಾಕಲು ಹೋದರೆ, ಶಸ್ತ್ರಚಿಕಿತ್ಸೆಗೆ ಮುನ್ನ ಏನನ್ನೂ ಕೊಡಕೂಡದೆಂದು ಆಯಾ ತಡೆದಳು. ಅತ್ತಿಗೆ ಕೂಗಿಕೊಂಡುದರಿಂದ ತರುಣ ವೈದ್ಯರೊಬ್ಬರು ಓಡಿಬಂದು ರಕ್ತದ ಸಕ್ಕರೆ ನೋಡಿದರು; 38 ಮಿಲಿಗ್ರಾಂ. ಆ ಕೂಡಲೇ ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟರು, ಅಣ್ಣ ನಮ್ಮ ಪಾಲಿಗೆ ಉಳಿದ.

ಆ ಆಸ್ಪತ್ರೆಯ ಹೆಸರನ್ನು ಬರೆಯುವುದು ನನ್ನ ಉದ್ದೇಶವಲ್ಲ. ಅಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಇನ್ಸುಲಿನ್ನಿನ ಪ್ರಮಾಣ ಒಂದು ಹಾಳೆಯಲ್ಲಿತ್ತು. ಉಪವಾಸದ ಸೂಚನೆ ಇನ್ನೊಂದರಲ್ಲಿತ್ತು. ಸಮಯ ಮುಂದೆ ಹೋದದ್ದು ಮೂರನೆಯವರಿಗೆ ಗೊತ್ತಿತ್ತು. ಮೂರನ್ನೂ ಒಟ್ಟಿಗೆ ಇಟ್ಟು ನೋಡುವವರು ಮಾತ್ರ ಇರಲಿಲ್ಲ. ಇನ್ಸುಲಿನ್ ಬಂದು ನೂರು ವರ್ಷವಾದರೂ ಹೀಗೇಕೆ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅಂದಿನಿಂದ ಓದಿ ತಿಳಿದುಕೊಂಡುದನ್ನು ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ. ಔಷಧಿಯ ಕಥೆಯನ್ನು ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತವೆ. ವಾರ್ಡಿನ ಕಥೆಯನ್ನು ಹೇಳುವವರು ಕಡಿಮೆ.

ಇನ್ಸುಲಿನ್ ಇಲ್ಲದ ಕಾಲದಿಂದಲೇ ಆರಂಭಿಸೋಣ. 1914ರ ಸುಮಾರಿನಿಂದ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಆಸ್ಪತ್ರೆಯಲ್ಲಿ ಫ್ರೆಡರಿಕ್ ಆಲೆನ್ ಎಂಬ ವೈದ್ಯರು ಮಧುಮೇಹಿಗಳಿಗೆ ಉಪವಾಸದ ಚಿಕಿತ್ಸೆ ನಡೆಸುತ್ತಿದ್ದರು. ಮೂತ್ರದಲ್ಲಿ ಸಕ್ಕರೆ ಕಾಣಿಸದಷ್ಟು ಮಟ್ಟಿಗೆ ಆಹಾರವನ್ನು ಇಳಿಸುವುದು, ಬೇಕಾದರೆ ದಿನಕ್ಕೆ ನಾಲ್ಕೈದು ನೂರು ಕ್ಯಾಲೊರಿಗೆ ತರುವುದು, ಇದು ಅವರ ವಿಧಾನ. ಪ್ರತಿ ತುತ್ತನ್ನೂ ತೂಗಬೇಕು, ಪ್ರತಿ ತೊಟ್ಟು ಮೂತ್ರವನ್ನೂ ಪರೀಕ್ಷಿಸಬೇಕು. ಅವರ ವಾರ್ಡಿನಲ್ಲಿ ಹನ್ನೆರಡು ವರ್ಷದ ಕುರುಡ ಹುಡುಗನೊಬ್ಬನಿದ್ದ. ಆಹಾರವೆಲ್ಲ ಕಾವಲಿನಲ್ಲಿದ್ದರೂ ಅವನ ಮೂತ್ರದಲ್ಲಿ ಸಕ್ಕರೆ ಕಾಣಿಸುತ್ತಲೇ ಇತ್ತು. ವಿಚಾರಿಸಿದಾಗ ತಿಳಿದುದು, ಆತ ಹಲ್ಲುಜ್ಜುವ ಪೇಸ್ಟನ್ನೂ ಪಂಜರದ ಹಕ್ಕಿಗೆ ಹಾಕಿದ್ದ ಕಾಳನ್ನೂ ತಿನ್ನುತ್ತಿದ್ದನೆಂದು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಆಲೆನ್ ಕ್ರೂರಿಯಾಗಿರಲಿಲ್ಲ; ಆ ಕಾಲಕ್ಕೆ ಆಯುಷ್ಯವನ್ನು ಒಂದೆರಡು ವರ್ಷ ಎಳೆಯಲು ಇದ್ದ ದಾರಿ ಅದೊಂದೇ. ಅವರ ರೋಗಿಯಾಗಿದ್ದ ಎಲಿಜಬೆತ್ ಹ್ಯೂಸ್ ಎಂಬ ಬಾಲಕಿ, ಅಮೆರಿಕದ ವಿದೇಶಾಂಗ ಮಂತ್ರಿಯ ಮಗಳು, ಸುಮಾರು ಇಪ್ಪತ್ತು ಕಿಲೋ ತೂಕದ ಎಲುಬಿನ ಗೂಡಾಗಿ 1922ರ ಆಗಸ್ಟ್‌ವರೆಗೆ ಜೀವ ಹಿಡಿದುಕೊಂಡಿದ್ದಳು. ಆಮೇಲೆ ಇನ್ಸುಲಿನ್ ದೊರೆತು 1981ರವರೆಗೆ ಬದುಕಿದಳು. ಆಲೆನ್ನರ ಹಸಿವು ಆಕೆಗೆ ಕಾಯುವ ಕಾಲವನ್ನು ದೊರಕಿಸಿಕೊಟ್ಟಿತೆಂಬುದನ್ನು ಮರೆಯಲಾಗದು.

ಟೊರಾಂಟೊದ ಕಥೆಯನ್ನು ಸಂಕ್ಷೇಪಿಸುತ್ತೇನೆ. 1921ರ ಬೇಸಿಗೆಯಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ನಾಯಿಗಳ ಮೇದೋಜೀರಕ ಗ್ರಂಥಿಯಿಂದ ಸತ್ವವನ್ನು ತೆಗೆದುದು, ಮೆಕ್ಲಿಯಡ್‌ರ ಪ್ರಯೋಗಾಲಯ, ಕಾಲಿಪ್‌ರ ಶುದ್ಧೀಕರಣ, 1923ರ ನೊಬೆಲ್, ಇವೆಲ್ಲ ನಿಮಗೆ ಗೊತ್ತಿರುವ ಸಂಗತಿಗಳು. ನಾನು ತರಗತಿಯಲ್ಲಿ ಹೇಳದೆ ಬಿಟ್ಟದ್ದು ಒಂದಿದೆ. 1922ರ ಜನವರಿ 11ರಂದು ಟೊರಾಂಟೊ ಜನರಲ್ ಆಸ್ಪತ್ರೆಯಲ್ಲಿ ಹದಿನಾಲ್ಕರ ಹುಡುಗ ಲಿಯೊನಾರ್ಡ್ ಥಾಂಪ್ಸನ್‌ಗೆ ಕೊಟ್ಟ ಮೊದಲ ಚುಚ್ಚುಮದ್ದು ಫಲಿಸಲಿಲ್ಲ. ಸಕ್ಕರೆ ಸ್ವಲ್ಪವೇ ಇಳಿಯಿತು, ಚುಚ್ಚಿದ ಜಾಗ ಕೀವಾಯಿತು. ಜನವರಿ 23ರಂದು ಕಾಲಿಪ್ ಶುದ್ಧಗೊಳಿಸಿದ ಸತ್ವವನ್ನು ಕೊಟ್ಟಾಗಲೇ ಹುಡುಗ ಚೇತರಿಸಿಕೊಂಡದ್ದು. ಅವನು 1935ರವರೆಗೆ ಬದುಕಿದ.

ಇನ್ಸುಲಿನ್ ಬಂದಿತು, ಇನ್ನು ರೋಗ ಗೆದ್ದಂತೆಯೇ ಎಂದು ಅನೇಕರು ನಂಬಿದರು. ಹಾಗೆ ನಂಬದ ಒಬ್ಬರು ಬಾಸ್ಟನ್ನಿನ ಎಲಿಯಟ್ ಜಾಸ್ಲಿನ್. ಈ ಲೇಖನದಲ್ಲಿ ನನ್ನ ಗೌರವ ಹೆಚ್ಚಾಗಿ ಸಲ್ಲುವುದು ಇವರಿಗೆ. ಅವರು ಇನ್ಸುಲಿನ್ನಿಗೆ ಮುಂಚೆಯೇ, 1918ರಲ್ಲಿ, ರೋಗಿಗಳು ತಾವೇ ಓದಲೆಂದು ಕೈಪಿಡಿಯೊಂದನ್ನು ಬರೆದಿದ್ದರು. 1922ರ ಆಗಸ್ಟ್ 7ರಂದು ಅವರ ರೋಗಿಗಳಲ್ಲಿ ಮೊದಲು ಇನ್ಸುಲಿನ್ ಪಡೆದವರು ಎಲಿಜಬೆತ್ ಮಡ್ಜ್ ಎಂಬ ದಾದಿ; ಆಕೆ ನಿತ್ರಾಣದಿಂದ ಹಾಸಿಗೆ ಹಿಡಿದಿದ್ದವರು. ಡೀಕನೆಸ್ ಆಸ್ಪತ್ರೆಯಲ್ಲಿ ಜಾಸ್ಲಿನ್ನರ ರೋಗಿಗಳು ಚಿಕಿತ್ಸೆಗಷ್ಟೇ ಅಲ್ಲದೆ ಕಲಿಯಲೆಂದೂ ದಾಖಲಾಗುತ್ತಿದ್ದರು. ಆಹಾರ ತೂಗುವುದು, ಮೂತ್ರ ಪರೀಕ್ಷಿಸುವುದು, ಚುಚ್ಚಿಕೊಳ್ಳುವುದು, ಪಾದಗಳನ್ನು ದಿನವೂ ನೋಡಿಕೊಳ್ಳುವುದು, ಇದೇ ಪಾಠ. ಈ ಪಾಠವನ್ನು ಹೇಳುತ್ತಿದ್ದವರು ಬಹುಪಾಲು ದಾದಿಯರು. ಅವರು ರೋಗಿಗಳ ಮನೆಗಳಿಗೂ ಹೋಗಿ ಕೆಲವು ದಿನ ತಂಗಿ ಕಲಿಸಿ ಬರುತ್ತಿದ್ದರು. ಮಧುಮೇಹಿಯ ಕಾಲು ಕೊಳೆಯುವುದು ದೈವೇಚ್ಛೆಯಿಂದಲ್ಲ, ಅಲಕ್ಷ್ಯದಿಂದ ಎಂದು ಜಾಸ್ಲಿನ್ 1934ರಲ್ಲಿಯೇ ಬರೆದರು. ಮೇಷ್ಟರ ವೃತ್ತಿಯಿಂದ ಬಂದ ನನಗೆ ಆಸ್ಪತ್ರೆಯೊಂದು ಶಾಲೆಯಾದ ಈ ಸಂಗತಿ ವಿಶೇಷವಾಗಿ ಪ್ರಿಯವೆನಿಸಿದರೆ ಅದನ್ನು ಪಕ್ಷಪಾತವೆಂದು ಕ್ಷಮಿಸಿಬಿಡಿ.

ಲಂಡನ್ನಿನಲ್ಲಿ ನಡೆದುದು ಇನ್ನೊಂದು ಬಗೆ. ರಾಬಿನ್ ಲಾರೆನ್ಸ್ ಎಂಬ ತರುಣ ವೈದ್ಯನಿಗೆ 1920ರಲ್ಲಿ ಮಧುಮೇಹವೆಂದು ತಿಳಿಯಿತು. ತನ್ನವರ ಕಣ್ಣೆದುರು ಸಾಯಬಾರದೆಂದು ಆತ ಇಟಲಿಯ ಫ್ಲಾರೆನ್ಸ್ ನಗರಕ್ಕೆ ಹೊರಟುಹೋದ. 1923ರಲ್ಲಿ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ಜೀವರಸಾಯನ ತಜ್ಞ ಹ್ಯಾರಿಸನ್, ಇನ್ಸುಲಿನ್ ದೊರೆತಿದೆ, ಬೇಗ ಬಾ ಎಂದು ಸುದ್ದಿ ಕಳುಹಿಸಿದ. ಲಾರೆನ್ಸ್ ಆ ದುರ್ಬಲ ಸ್ಥಿತಿಯಲ್ಲಿಯೇ ಕಾರಿನಲ್ಲಿ ಹೊರಟು ಲಂಡನ್ ತಲುಪಿ, ಮೇ 31ರಂದು ಮೊದಲ ಚುಚ್ಚುಮದ್ದು ಪಡೆದ. ಮುಂದೆ ಅದೇ ಆಸ್ಪತ್ರೆಯಲ್ಲಿ ದೇಶದ ಅತ್ಯಂತ ದೊಡ್ಡ ಮಧುಮೇಹ ಚಿಕಿತ್ಸಾಲಯಗಳಲ್ಲೊಂದನ್ನು ಕಟ್ಟಿದ. 1934ರಲ್ಲಿ, ತಾನೂ ಮಧುಮೇಹಿಯಾಗಿದ್ದ ಕಾದಂಬರಿಕಾರ ಎಚ್.ಜಿ. ವೆಲ್ಸ್ ಜೊತೆಗೂಡಿ ಮಧುಮೇಹಿಗಳ ಸಂಘವನ್ನು ಸ್ಥಾಪಿಸಿದ. ರೋಗವನ್ನು ಅನುಭವಿಸಿದವರೇ ವಾರ್ಡನ್ನು ನಡೆಸಿದರೆ ಊಟದ ಗಂಟೆ ತಪ್ಪುವುದಿಲ್ಲ ಎಂದು ನನಗನ್ನಿಸುತ್ತದೆ.

ನಮ್ಮ ಕಡೆ ಈ ಕೆಲಸ ಮೊದಲು ಬೇರೂರಿದುದು ಮದರಾಸಿನಲ್ಲಿ. ಡಾ. ಎಂ. ವಿಶ್ವನಾಥನ್ 1948ರಲ್ಲಿ ಸ್ಟ್ಯಾನ್ಲಿ ಆಸ್ಪತ್ರೆಯಲ್ಲಿ ಮಧುಮೇಹಕ್ಕೆಂದೇ ಚಿಕಿತ್ಸಾಲಯ ತೆರೆದರು, 1954ರಲ್ಲಿ ರಾಯಪುರಂನಲ್ಲಿ ಪ್ರತ್ಯೇಕ ಆಸ್ಪತ್ರೆಯನ್ನೇ ಕಟ್ಟಿದರು. 1978ರಲ್ಲಿ ಡಾ. ವಿ. ಶೇಷಯ್ಯನವರ ಪ್ರಯತ್ನದಿಂದ ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಮಧುಮೇಹ ವಿಭಾಗ ಆರಂಭವಾಯಿತು.

ಇಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಒಂದು ನೆನಪು. ಪ್ರನಾಳದಲ್ಲಿ ಗ್ಲೂಕೋಸಿನ ದ್ರಾವಣಕ್ಕೆ ನೀಲಿ ಬೆನೆಡಿಕ್ಟ್ ದ್ರಾವಣ ಬೆರೆಸಿ ಕಾಯಿಸಿದಾಗ ಅದು ಹಸಿರು, ಹಳದಿ, ಕಿತ್ತಳೆಯ ಮೂಲಕ ಇಟ್ಟಿಗೆ ಕೆಂಪಿಗೆ ತಿರುಗುತ್ತಿದ್ದುದನ್ನು ನೀವು ಬಾಯಿ ತೆರೆದು ನೋಡುತ್ತಿದ್ದಿರಿ. ಇದೇ ಪ್ರನಾಳ, ಇದೇ ನೀಲಿ ದ್ರಾವಣ ದಶಕಗಳ ಕಾಲ ಆಸ್ಪತ್ರೆಯ ವಾರ್ಡುಗಳನ್ನು ಆಳಿದವು. ದಾದಿ ರೋಗಿಯ ಮೂತ್ರವನ್ನು ಕಾಯಿಸಿ ನೋಡಬೇಕು. ಬಣ್ಣ ಕೆಂಪಾದಷ್ಟೂ ಇನ್ಸುಲಿನ್ ಹೆಚ್ಚು, ನೀಲಿಯಾಗಿಯೇ ಉಳಿದರೆ ಇನ್ಸುಲಿನ್ ಇಲ್ಲ. ಇದಕ್ಕೆ ಸ್ಲೈಡಿಂಗ್ ಸ್ಕೇಲ್ ಎಂದು ಹೆಸರು. ಕೇಳಲು ಅಚ್ಚುಕಟ್ಟು. ಆದರೆ ತರಗತಿಯಲ್ಲಿ ನಾನು ಹೇಳಬೇಕಿದ್ದ ಮಾತನ್ನು ಈಗ ಹೇಳುತ್ತೇನೆ. ರಕ್ತದ ಸಕ್ಕರೆ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದ ಮೇಲಷ್ಟೇ ಅದು ಮೂತ್ರಕ್ಕೆ ಇಳಿಯುತ್ತದೆ. ಆದುದರಿಂದ ರಕ್ತದಲ್ಲಿ 120 ಇದ್ದರೂ ನೀಲಿ, 38 ಇದ್ದರೂ ನೀಲಿ. ಮೇಲಾಗಿ ಮೂತ್ರ ಹೇಳುವುದು ಕಳೆದ ಕೆಲವು ಗಂಟೆಗಳ ಸುದ್ದಿಯನ್ನು, ಈ ಗಳಿಗೆಯದನ್ನಲ್ಲ.

ಆಮೇಲೆ ಮೂತ್ರದ ಬಣ್ಣದ ಜಾಗಕ್ಕೆ ರಕ್ತದ ಅಂಕಿ ಬಂದಿತು, ಆದರೆ ಸ್ಲೈಡಿಂಗ್ ಸ್ಕೇಲ್ ಹೋಗಲಿಲ್ಲ. ಸಕ್ಕರೆ ಏರಿದ ಮೇಲೆ ಇಳಿಸುವುದು, ಏರದಂತೆ ನೋಡಿಕೊಳ್ಳದಿರುವುದು ಅದರ ಮೂಲದೋಷ. ಕಾಲುವೆ ಒಡೆದ ಮೇಲೆ ಮಣ್ಣು ಹೊರುವ ರೈತನಂತೆ. ಅಮೆರಿಕದ ವೈದ್ಯರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರೀ ಈ ಪದ್ಧತಿಯನ್ನೇ ನೆಚ್ಚಿದ ರೋಗಿಗಳಲ್ಲಿ ಸಕ್ಕರೆ ವಿಪರೀತ ಏರುವ ಸಂಭವ ಮೂರು ಪಟ್ಟಿನಷ್ಟಿತ್ತು. 2007ರಲ್ಲಿ ಗಿಲ್ಲರ್ಮೊ ಉಂಪಿಯೆರಸ್ ಮತ್ತು ಸಂಗಡಿಗರು 130 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದರು. ದಿನಕ್ಕೊಮ್ಮೆ ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್ ಮತ್ತು ಪ್ರತಿ ಊಟಕ್ಕೂ ಬೇಗ ಕೆಲಸ ಮಾಡುವ ಇನ್ಸುಲಿನ್ ಪಡೆದವರಲ್ಲಿ ನೂರಕ್ಕೆ 66 ಮಂದಿ 140ರೊಳಗಿನ ಗುರಿ ಮುಟ್ಟಿದರು. ಸ್ಲೈಡಿಂಗ್ ಸ್ಕೇಲಿನವರಲ್ಲಿ 38 ಮಂದಿ. ವಾರ್ಡುಗಳಲ್ಲಿ ಹಳೆಯ ಅಭ್ಯಾಸ ಸುಲಭವಾಗಿ ಸಾಯುವುದಿಲ್ಲ. ಬರೆದುಕೊಡಲು ಅದು ಸಲೀಸು.

ರಕ್ತದ ಸಕ್ಕರೆಯನ್ನು ಹಾಸಿಗೆಯ ಬಳಿಯೇ ನೋಡುವ ಯಂತ್ರದ ಕಥೆಯೂ ಸ್ವಾರಸ್ಯಕರ. 1970ರ ಸುಮಾರಿಗೆ ಅಮೆರಿಕದ ಏಮ್ಸ್ ಕಂಪನಿ ಸುಮಾರು 650 ಡಾಲರ್ ಬೆಲೆಯ ಭಾರವಾದ ಯಂತ್ರವೊಂದನ್ನು ತಂದಿತು. ರಾತ್ರಿ ಪ್ರಯೋಗಾಲಯ ಮುಚ್ಚಿರುವಾಗ, ಪ್ರಜ್ಞೆ ತಪ್ಪಿ ಬಂದವನು ಕುಡಿದವನೋ ಮಧುಮೇಹಿಯೋ ಎಂದು ಆಸ್ಪತ್ರೆಯವರು ಗೊತ್ತುಮಾಡಿಕೊಳ್ಳಲು ಅದನ್ನು ಮಾಡಿದ್ದು. ರೋಗಿಗಳಿಗೆ ಮಾರುತ್ತಿರಲಿಲ್ಲ. ಬಾಲ್ಯದಿಂದ ಮಧುಮೇಹಿಯಾಗಿದ್ದ ರಿಚರ್ಡ್ ಬರ್ನ್‌ಸ್ಟೈನ್ ಎಂಬ ಎಂಜಿನಿಯರ್, ವೈದ್ಯೆಯಾಗಿದ್ದ ತನ್ನ ಹೆಂಡತಿಯ ಹೆಸರಿನಲ್ಲಿ ಅದನ್ನು ತರಿಸಿಕೊಂಡು ದಿನಕ್ಕೆ ಹಲವು ಬಾರಿ ತನ್ನ ರಕ್ತವನ್ನು ತಾನೇ ಪರೀಕ್ಷಿಸತೊಡಗಿದ. ವೈದ್ಯರು ಅವನ ಮಾತಿಗೆ ಕಿವಿಗೊಡದಿದ್ದಾಗ, ನಡುವಯಸ್ಸಿನಲ್ಲಿ ವೈದ್ಯಕೀಯ ಕಾಲೇಜು ಸೇರಿ ತಾನೇ ವೈದ್ಯನಾದ. ಇಂದು ನಮ್ಮ ಮನೆಗಳಲ್ಲಿರುವ ಗ್ಲೂಕೋಮೀಟರಿನ ಹಿಂದೆ ಈ ಹಟವೂ ಇದೆ.

ಇನ್ಸುಲಿನ್ ಹೆಚ್ಚು ಕೊಟ್ಟಷ್ಟೂ ಒಳ್ಳೆಯದೆಂಬ ಭ್ರಮೆಯನ್ನು ಆಸ್ಪತ್ರೆಗಳು ಎರಡು ಸಲ ಕಳೆದುಕೊಳ್ಳಬೇಕಾಯಿತು. ಮೊದಲನೆಯದು, ರಕ್ತ ಆಮ್ಲಮಯವಾಗಿ ಎಚ್ಚರ ತಪ್ಪುವ ಕೀಟೋಅಸಿಡೋಸಿಸ್ ಎಂಬ ಸ್ಥಿತಿಯಲ್ಲಿ. ಅದಕ್ಕೆ ನೂರಾರು ಯೂನಿಟ್ ಸುರಿಯುವುದು ವಾಡಿಕೆಯಾಗಿತ್ತು. 1972ರಿಂದ 1974ರ ನಡುವೆ ಇಂಗ್ಲೆಂಡಿನ ಹಲವು ವೈದ್ಯರು, ಆಮೇಲೆ ಅಮೆರಿಕದ ಮೆಂಫಿಸ್ ನಗರದಲ್ಲಿ ಅಬ್ಬಾಸ್ ಕಿಟಾಬ್ಚಿ, ಗಂಟೆಗೆ ಕೆಲವೇ ಯೂನಿಟ್ ಸಾಕೆಂದು ತೋರಿಸಿದರು. ಎರಡನೆಯದು ತೀವ್ರ ನಿಗಾ ಘಟಕದಲ್ಲಿ. 2001ರಲ್ಲಿ ಬೆಲ್ಜಿಯಂನ ಲ್ಯೂವೆನ್ ನಗರದ ವಾನ್ ಡೆನ್ ಬರ್ಗ್ ಎಂಬ ವೈದ್ಯೆ 1548 ರೋಗಿಗಳ ಅಧ್ಯಯನ ಪ್ರಕಟಿಸಿದರು. ಸಕ್ಕರೆಯನ್ನು 80ರಿಂದ 110ರ ನಡುವೆ ಬಿಗಿಹಿಡಿದಾಗ ಘಟಕದಲ್ಲಿನ ಸಾವು ನೂರಕ್ಕೆ 8ರಿಂದ 4.6ಕ್ಕೆ ಇಳಿದಿತ್ತು. ಜಗತ್ತಿನ ಆಸ್ಪತ್ರೆಗಳೆಲ್ಲ ಅದರ ಬೆನ್ನು ಹತ್ತಿದವು. 2009ರಲ್ಲಿ 6104 ರೋಗಿಗಳ ಇನ್ನೊಂದು ಅಧ್ಯಯನ ಬಂದಿತು. ಬಿಗಿಹಿಡಿದ ಗುಂಪಿನಲ್ಲಿ ಸತ್ತವರು ನೂರಕ್ಕೆ 27.5, 180ರೊಳಗೆ ಸಡಿಲವಾಗಿ ಬಿಟ್ಟ ಗುಂಪಿನಲ್ಲಿ 24.9. ಸಕ್ಕರೆ ಅಪಾಯಕಾರಿಯಾಗಿ ಕುಸಿದ ಪ್ರಸಂಗಗಳು ಮೊದಲ ಗುಂಪಿನಲ್ಲಿ 6.8, ಎರಡನೆಯದರಲ್ಲಿ 0.5. ಅಂದಿನಿಂದ ಘಟಕಗಳ ಗುರಿ ಸುಮಾರು 140ರಿಂದ 180 ಎಂದಾಯಿತು. ಎಂಟೇ ವರ್ಷಗಳಲ್ಲಿ ತಮ್ಮ ಮಾತನ್ನು ತಾವೇ ತಿದ್ದಿಕೊಂಡ ವಿಜ್ಞಾನಿಗಳ ಬಗ್ಗೆ ನನಗೆ ಗೌರವವಿದೆ. ಆದರೆ ಆ ಎಂಟು ವರ್ಷಗಳಲ್ಲಿ ಮಲಗಿದ್ದವರ ಯೋಚನೆಯೂ ಬರುತ್ತದೆ.

ಕಾಲಿನ ಕಥೆ ನಮ್ಮ ನೆರೆಯಲ್ಲಿಯೇ ಹುಟ್ಟಿದುದು. ಪಾಲ್ ಬ್ರಾಂಡ್ ಎಂಬ ಶಸ್ತ್ರವೈದ್ಯರು 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಮಿಷನರಿ ದಂಪತಿಗಳಿಗೆ ಹುಟ್ಟಿದವರು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದು ಕುಷ್ಠರೋಗಿಗಳ ಕೈಕಾಲುಗಳನ್ನು ಸರಿಪಡಿಸುವ ಕೆಲಸ ಕೈಗೊಂಡರು. ಆ ರೋಗದಲ್ಲಿ ಮಾಂಸ ತಾನಾಗಿ ಕೊಳೆಯುತ್ತದೆಂದು ಎಲ್ಲರೂ ನಂಬಿದ್ದ ಕಾಲ ಅದು. ನೋವು ತಿಳಿಯದ ಕಾಲಿನ ಮೇಲೆ ರೋಗಿ ನಡೆಯುತ್ತಲೇ ಇರುವುದರಿಂದ ಗಾಯ ಆಳವಾಗುತ್ತದೆ, ಭಾರವನ್ನು ತಪ್ಪಿಸಿದರೆ ಮಾಯುತ್ತದೆ ಎಂದು ಬ್ರಾಂಡ್ ಕಂಡುಕೊಂಡರು. ನಮಗೆ ಕಲ್ಲು ಚುಚ್ಚಿದರೆ ಕುಂಟುತ್ತೇವೆ. ಆ ಕುಂಟುವಿಕೆಯೇ ಕಾಲನ್ನು ಕಾಯುತ್ತದೆ. 1966ರಲ್ಲಿ ಅವರು ಅಮೆರಿಕದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದರು. ಮಧುಮೇಹದಿಂದ ನರ ಸತ್ತ ಪಾದದ ಸ್ಥಿತಿಯೂ ಇದೇ ಎಂದು ಅವರು ತಿಳಿಸಿಕೊಟ್ಟ ಮೇಲೆ, ಗಾಯಕ್ಕೆ ಭಾರ ಬೀಳದಂತೆ ಪಾದಕ್ಕೆ ಅಂಟಿಕೊಂಡು ಕೂರುವ ಪ್ಲಾಸ್ಟರ್ ಹಾಕುವ ಪದ್ಧತಿ ಮಧುಮೇಹಿಗಳಿಗೂ ಬಂದಿತು. ವೆಲ್ಲೂರಿನ ಬಡ ಕುಷ್ಠರೋಗಿಗಳಿಂದ ಕಲಿತ ಪಾಠ ಅಮೆರಿಕದ ಮಧುಮೇಹಿಗಳ ಕಾಲುಗಳನ್ನು ಉಳಿಸಿತು.

ಈಗ ಅಣ್ಣನ ಹಾಸಿಗೆಯ ಬಳಿಗೆ ಹಿಂತಿರುಗುತ್ತೇನೆ. ಬ್ರಿಟನ್ನಿನ ಮಧುಮೇಹ ತಜ್ಞರು 2008ರಲ್ಲಿ ಒಳರೋಗಿಗಳ ಆರೈಕೆಗೆಂದೇ ಒಂದು ಜಂಟಿ ಮಂಡಲಿ ರಚಿಸಿಕೊಂಡರು. ಅದೇ ಸುಮಾರಿಗೆ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ, ಗೊತ್ತಾದ ದಿನ ವಾರ್ಡು ವಾರ್ಡಿಗೆ ಹೋಗಿ ಮಧುಮೇಹಿಗಳ ಕಾಗದಪತ್ರಗಳನ್ನು ನೋಡಿ ಲೆಕ್ಕ ಹಾಕುವ ಕ್ರಮ ಆರಂಭವಾಯಿತು. ಸುಮಾರು ಆರು ಹಾಸಿಗೆಗಳಲ್ಲಿ ಒಂದರಲ್ಲಿ ಮಧುಮೇಹಿ. ಅವರಲ್ಲಿ ಬಹುಪಾಲು ಜನ ಮಧುಮೇಹಕ್ಕಾಗಿ ಬಂದವರೇ ಅಲ್ಲ; ಮೂಳೆ ಮುರಿದವರು, ಹೃದ್ರೋಗಿಗಳು, ಶಸ್ತ್ರಚಿಕಿತ್ಸೆಗೆ ಬಂದವರು. ಅಂದರೆ ಮಧುಮೇಹವನ್ನು ಬಲ್ಲವರು ಒಂದು ವಾರ್ಡಿನಲ್ಲಿ, ಮಧುಮೇಹಿಗಳು ಉಳಿದೆಲ್ಲ ವಾರ್ಡುಗಳಲ್ಲಿ! ಔಷಧಿಯ ಹಾಳೆಗಳಲ್ಲಿ ಮೂರಕ್ಕೊಂದರಷ್ಟು ತಪ್ಪುಗಳಿದ್ದವು. ಲೆಕ್ಕ ಹಾಕಿದ ಮೇಲೆ ಉಪಾಯಗಳು ಬಂದವು, ಎಲ್ಲವೂ ಸರಳವಾದವು. ಶಸ್ತ್ರಚಿಕಿತ್ಸೆಯ ಪಟ್ಟಿಯಲ್ಲಿ ಮಧುಮೇಹಿಯನ್ನು ಮೊದಲಿಗೆ ಹಾಕುವುದು. ಉಪವಾಸದ ದಿನ ಎಷ್ಟು ಇನ್ಸುಲಿನ್ ಎಂದು ಮುಂಚೆಯೇ ಬರೆದಿಡುವುದು. ಸಕ್ಕರೆ ಕುಸಿದಾಗ ಬೇಕಾಗುವ ಗ್ಲೂಕೋಸ್ ಮೊದಲಾದವನ್ನು ಒಂದೇ ಪೆಟ್ಟಿಗೆಯಲ್ಲಿ ವಾರ್ಡಿನಲ್ಲಿ ಇಡುವುದು. ಶಕ್ತನಾದ ರೋಗಿ ಮನೆಯಲ್ಲಿ ಮಾಡುವಂತೆ ಆಸ್ಪತ್ರೆಯಲ್ಲಿಯೂ ತಾನೇ ಚುಚ್ಚಿಕೊಳ್ಳಲು ಬಿಡುವುದು.

ಒಂದು ಅಕ್ಷರ ಮಾಡಿದ ಅನಾಹುತವನ್ನು ಕೇಳಿ. ಯೂನಿಟ್ ಎಂಬುದಕ್ಕೆ ವೈದ್ಯರು ಇಂಗ್ಲಿಷಿನ ಯು ಅಕ್ಷರವನ್ನಷ್ಟೇ ಬರೆಯುವುದುಂಟು. ಅವಸರದ ಕೈಬರಹದಲ್ಲಿ ಅದು ಸೊನ್ನೆಯಂತೆ ಕಂಡು 10 ಎಂಬುದು 100 ಆಗುತ್ತದೆ. ಅಮೆರಿಕದಲ್ಲಿ 2004ರಲ್ಲಿ, ಬ್ರಿಟನ್ನಿನಲ್ಲಿ 2010ರಲ್ಲಿ, ಆ ಪದವನ್ನು ಪೂರ್ತಿಯಾಗಿ ಬರೆಯಬೇಕೆಂದು ಸೂಚನೆ ಹೊರಟಿತು. ನನ್ನ ಕೈಯಲ್ಲಿ ಕಾಪಿ ಬರೆಸಿಕೊಂಡು ಬೈದುಕೊಂಡವರು ಇದನ್ನು ಇನ್ನೊಮ್ಮೆ ಓದಬಹುದು.

ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ. ಇನ್ಸುಲಿನ್ ಮೊದಲಿಗೆ ಹಲವು ಬಲಗಳಲ್ಲಿ ಬರುತ್ತಿತ್ತು. ಗೊಂದಲ ತಪ್ಪಿಸಲು ಅಮೆರಿಕ 1970ರ ದಶಕದಲ್ಲಿ, ಬ್ರಿಟನ್ 1983ರಲ್ಲಿ, ಮಿಲಿಲೀಟರಿಗೆ 100 ಯೂನಿಟ್ ಎಂಬ ಒಂದೇ ಬಲಕ್ಕೆ ಬಂದವು. ನಮ್ಮಲ್ಲಿ ಸೀಸೆಯ ಇನ್ಸುಲಿನ್ ಹೆಚ್ಚಾಗಿ 40 ಯೂನಿಟ್ಟಿನದು, ಪೆನ್ನಿನದು 100ರದು. ಸಿರಿಂಜುಗಳೂ ಎರಡು ಬಗೆ: 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಮುಚ್ಚಳ. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಒಳಗೆ ಹೋಗುತ್ತದೆ. ಅದಲುಬದಲಾದರೆ ಬೇಕಾದುದರಲ್ಲಿ ಅರ್ಧವೂ ಹೋಗುವುದಿಲ್ಲ. ಇದು ಐದನೆಯ ತರಗತಿಯ ಲೆಕ್ಕ. ರಾತ್ರಿ ಎರಡು ಗಂಟೆಗೆ, ನಲವತ್ತು ರೋಗಿಗಳನ್ನು ಒಬ್ಬಳೇ ನೋಡಿಕೊಳ್ಳುವ ದಾದಿ ಮಾಡಬೇಕಾದ ಲೆಕ್ಕ.

ಮೊನ್ನೆ ಅಣ್ಣನಿಗೆ ಕಣ್ಣಿನ ಪೊರೆ ತೆಗೆಸಬೇಕಾಯಿತು. ಬೇರೆ ಆಸ್ಪತ್ರೆ. ಹೋಗುವ ಮುನ್ನ ಅವನೇ ಒಂದು ಹಾಳೆಯ ಮೇಲೆ ಬರೆದ: ಯಾವ ಇನ್ಸುಲಿನ್, ಯಾವ ಬಲದ್ದು, ಯಾವ ಹೊತ್ತಿಗೆ, ಎಷ್ಟು. ಪ್ರಮಾಣವನ್ನು ಅಂಕಿಯಲ್ಲಿ ಬರೆದು ಪಕ್ಕದಲ್ಲಿ ಅಕ್ಷರದಲ್ಲಿಯೂ, ಬ್ಯಾಂಕಿನ ಚೆಕ್ಕಿನಲ್ಲಿ ಬರೆಯುವ ಹಾಗೆ. ಉಪವಾಸವಿದೆಯೇ, ಸರದಿ ಎಷ್ಟನೆಯದು, ತಡವಾದರೆ ಸಕ್ಕರೆ ನೋಡುವವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಕೆಳಗೆ ಸೇರಿಸಿದ. ಅಲ್ಲಿನ ದಾದಿ ಅದನ್ನು ಓದಿ, ನಕ್ಕು, ಕೇಸ್ ಶೀಟಿನ ಮೇಲ್ಗಡೆಗೆ ಪಿನ್ನು ಹಾಕಿದರು. ಎಂಟಕ್ಕೆ ಮೊದಲ ಸರದಿಯೇ ಅವನದಾಯಿತು. ಒಂಬತ್ತೂವರೆಗೆ ಇಡ್ಲಿ ತಿನ್ನುತ್ತ ಕುಳಿತಿದ್ದ. ಅತ್ತಿಗೆಯ ಚೀಲದಲ್ಲಿ ಸಕ್ಕರೆಯ ಪೊಟ್ಟಣ ಮಾತ್ರ ಆ ದಿನವೂ ಇತ್ತು.